ದೋಹಾದಿಂದ ಕರೆದ ಮದುವೆ

ಹೊನ್ನೆಮಕ್ಕಿಯ ಗಿರೀಶನಿಗೆ ಲೋಕದ ಎಲ್ಲ ವಿಷಯದ ಮೇಲೂ ಒಂದು ಅಭಿಪ್ರಾಯವಿತ್ತು. ಇರಲಿ, ಯಾರಿಗಿಲ್ಲ? ನಾವು ನೀವು ಅದನ್ನು ಚಾದಂಗಡಿಯಲ್ಲಿ ಹೇಳುತ್ತೇವೆ, ಲೋಟ ಖಾಲಿಯಾದ ಮೇಲೆ ಅಲ್ಲೇ ಬಿಟ್ಟು ಎದ್ದು ಬರುತ್ತೇವೆ. ಗಿರೀಶನಿಗೆ ಆ ಸೌಕರ್ಯವಿರಲಿಲ್ಲ. ಅವನಿದ್ದದ್ದು ಕತಾರ್ ದೇಶದ ದೋಹಾದಲ್ಲಿ, ಕೇಳಬೇಕಾದ ಜನ ಇದ್ದದ್ದು ಸಿದ್ದಾಪುರ ತಾಲೂಕಿನ ಒಂದು ಮೂಲೆಯಲ್ಲಿ. ಹಾಗಾಗಿ ಅವನು ಕೇರಿಯವರದೊಂದು ವಾಟ್ಸಾಪ್ ಗುಂಪು ಮಾಡಿ, ವಾರದ ರಜೆಯಾದ ಶುಕ್ರವಾರ ತಪ್ಪದೆ ಅದಕ್ಕೆ ತನ್ನ ದನಿ ಕಳಿಸುತ್ತಿದ್ದ. "ದೋಹಾದಿಂದ ಗಿರೀಶ ಮಾತಾಡೂದು" ಎಂದು ಶುರುವಾಯಿತೆಂದರೆ ಹೊನ್ನೆಮಕ್ಕಿಯ ಹೆಂಗಸರು ಫೋನನ್ನು ಒಲೆಕಟ್ಟೆಗೆ ಒರಗಿಸಿಟ್ಟು, ಅವನು ಮುಗಿಸುವಷ್ಟರಲ್ಲಿ ಒಂದು ಸಾರು ಕುದಿಸಿ ಇಳಿಸುತ್ತಿದ್ದರು.

ಅವನು ಅಲ್ಲಿ ಲಿಫ್ಟ್ ರಿಪೇರಿಯವನು. ಶಿರಸಿಯಲ್ಲಿ ಐಟಿಐ ಮುಗಿಸಿ, ಒಂದೆರಡು ವರ್ಷ ಪಂಪ್‌ಸೆಟ್ ಬಿಚ್ಚಿ ಜೋಡಿಸಿ, ಅಪ್ಪ ತೀರಿಕೊಂಡ ಮೇಲೆ ವಿಮಾನ ಹತ್ತಿದ್ದ. ಹನ್ನೊಂದು ವರ್ಷವಾಗಿತ್ತು. ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು ಹತ್ತುವುದು, ದೊಡ್ಡ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು ತಂತಿಹಗ್ಗಕ್ಕೆ ಗ್ರೀಸು ಹಚ್ಚುವುದು, ಸಂಜೆ ಆರು ಜನರಿರುವ ಕೋಣೆಗೆ ಮರಳಿ ಬೇಳೆಸಾರು ಮಾಡಿಕೊಂಡು ಉಂಡು ಮಲಗುವುದು. ಇದನ್ನು ಅವನು ಯಾರಿಗೂ ಮುಚ್ಚಿಡಲಿಲ್ಲ. ತನ್ನ ಬಗ್ಗೆ ಅವನು ಎಂದೂ ಕೊಚ್ಚಿಕೊಂಡವನಲ್ಲ. ದೋಹಾದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ, ಕೇಳುವವರಿಗೆ ಅದು ಇನ್ನೂ ಕಷ್ಟ.

ಅಲ್ಲಿ ರಸ್ತೆಯಲ್ಲಿ ಉಗುಳಿದರೆ ದಂಡ. ಅಲ್ಲಿ ಐದು ಗಂಟೆ ಅಂದರೆ ಐದೇ ಗಂಟೆ. ಅಲ್ಲಿ ಸರದಿಯಲ್ಲಿ ನಿಂತವನನ್ನು ಹಿಂದಿನವನು ದೂಡುವುದಿಲ್ಲ. ಇಲ್ಲಿ? ಸಿದ್ದಾಪುರದ ಬಸ್ಸಿಗೆ ಹೆಂಗಸರು ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಅವನು ಎರಡು ಶುಕ್ರವಾರ ಅದರ ಮೇಲೇ ಮಾತಾಡಿದ. ಅವನ ಅವ್ವ ಮಂಜಿ ಅದೇ ಪುಕ್ಕಟೆ ಬಸ್ಸಿನಲ್ಲಿ ಶಿರಸಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದದ್ದನ್ನು ತಂಗಿ ಅನುಶ್ರೀ ಹೇಳಿದ ಮೇಲೆ ಮೂರನೆಯ ಶುಕ್ರವಾರ ಮಂಗಗಳ ಕಾಟಕ್ಕೆ ಬಂದ. ಕೇರಿಯಲ್ಲಿ ಒಬ್ಬರು ಸತ್ತರೆ ಊರಿಗೆ ಊರೇ ಕೆಲಸ ಬಿಡುತ್ತದೆ, ಹೀಗಾದರೆ ದೇಶ ಮುಂದೆ ಬರುವುದು ಹೇಗೆ ಅಂದ. ಚುನಾವಣೆ, ಪ್ಲಾಸ್ಟಿಕ್, ಹೊಂಡಬಿದ್ದ ರಸ್ತೆ, ಮಕ್ಕಳ ಮೊಬೈಲು, ಎಲ್ಲಕ್ಕೂ ಅವನ ಹತ್ತಿರ ಮದ್ದಿತ್ತು. ಜನ ಕೇಳಿ ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಿದ್ದರು. ಪಕ್ಕದ ಮನೆಯ ಹುಚ್ಚಜ್ಜನಂಥ ಹಳಬರೂ ಕೂಡ, ಹೇಗೋ ಒತ್ತಿ, ಒಂದರ ಬದಲು ನಾಲ್ಕು ಹೆಬ್ಬೆರಳು ಹಾಕುತ್ತಿದ್ದರು. ಅದನ್ನೆಲ್ಲ ಗಿರೀಶ ಒಪ್ಪಿಗೆಯೆಂದೇ ತಿಳಿದ.

ಒಂದು ಶುಕ್ರವಾರ ಅವನ ಮಾತು ಸೋದರಮಾವ ಕೇರಿಯಪ್ಪನ ಮೇಲೆ ಹೋಯಿತು. ಅದಕ್ಕೊಂದು ಕಾರಣವಿತ್ತು. ಆ ಬೇಸಿಗೆ ಕೇರಿಯಪ್ಪ ತನ್ನ ಮಗಳ ಮದುವೆಗೆ ಮನೆಮನೆಗೆ ಹೋಗಿ ಕರೆಯುತ್ತಿದ್ದ. ಆ ಕಡೆಯ ಪದ್ಧತಿ ಅದು. ಮನೆಯ ಯಜಮಾನ ಕುಂಕುಮ ಅಕ್ಷತೆ ಹಿಡಿದು ಪ್ರತಿ ಮನೆಯ ಜಗಲಿ ಹತ್ತಬೇಕು, ಕೂರಬೇಕು, ಕೊಟ್ಟ ಬೆಲ್ಲ ತಿಂದು ನೀರು ಕುಡಿಯಬೇಕು, ಆಮೇಲೆ ಇಂಥ ದಿನ ಮದುವೆ, ಬರಬೇಕು ಅನ್ನಬೇಕು. ದೂರದ ನೆಂಟರಿಗಾದರೆ ಅಂಚೆಯಲ್ಲಿ ಕಾಗದ ನಡೆಯುತ್ತದೆ, ಕೇರಿಯವರಿಗೆ ನಡೆಯುವುದಿಲ್ಲ. ಕೇರಿಯಪ್ಪನಿಗೆ ಮಂಡಿನೋವು. ಆದರೂ ಅವನು ಒಂದು ಮನೆ ಬಿಡದೆ ಸುತ್ತಿದ, ಸ್ವಂತ ತಂಗಿಯಾದ ಮಂಜಿಯ ಮನೆಗೂ ಬಂದು ಜಗಲಿಯಲ್ಲಿ ಕೂತು ಹೊಸಬನ ಹಾಗೆ ಕರೆದು ಹೋದ. ಅನುಶ್ರೀ ಇದನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದಳು. ಸಂಭ್ರಮವಾಗಿ ಹೇಳಿದ್ದಳು ಪಾಪ. ಅದೇ ವಾರದ ಗುಂಪಿನಲ್ಲಿ ಗಿರೀಶ ನಗುತ್ತಾ, ನಮ್ಮ ಮಾವ ಒಂದೇ ಒಂದು ಮಾತು ಹೇಳಲಿಕ್ಕೆ ಹದಿನೈದು ದಿನ ಚಪ್ಪಲಿ ಸವೆಸುತ್ತಿದ್ದಾರೆ, ದೋಹಾದಲ್ಲಿ ಇದನ್ನು ಹೇಳಿದರೆ ಚಿಕ್ಕ ಮಕ್ಕಳೂ ನಗುತ್ತಾರೆ, ಕೆಲಸ ಇಲ್ಲದವರಿಗೆ ಮಾತ್ರ ಇದು ಆಗುವಂಥದ್ದು ಅಂದ.

ಕೇರಿಯಪ್ಪನ ಹತ್ತಿರ ಅಂಥ ಫೋನಿಲ್ಲ. ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಆದರೆ ಅಂಥ ಮಾತು ಕಿವಿಗೆ ಬೀಳಲು ಫೋನು ಯಾಕೆ ಬೇಕು, ಸಿದ್ದಾಪುರದ ಸಂತೆಯಲ್ಲಿ ಯಾರೋ ಪುಣ್ಯಾತ್ಮರು ಅವನನ್ನು ನಿಲ್ಲಿಸಿಕೊಂಡು ಕೇಳಿಸಿದರು. ಕೇರಿಯಪ್ಪ ಪೂರ್ತಿ ಕೇಳಿ, ದನಿ ಚೆನ್ನಾಗಿ ಕೇಳ್ತದೆ, ಪಕ್ಕದಲ್ಲೇ ನಿಂತ ಹಾಗೆ ಅಂದನಂತೆ. ಅಷ್ಟೇ.

ಇದಾಗಿ ಎರಡು ವರ್ಷಕ್ಕೆ ಅನುಶ್ರೀಯ ಮದುವೆ ಗೊತ್ತಾಯಿತು. ಹುಡುಗ ಕಾರ್ತಿಕ, ಯಲ್ಲಾಪುರ ತಾಲೂಕಿನ ವಜ್ರಳ್ಳಿ ಕಡೆಯವನು, ಯಲ್ಲಾಪುರ ಪೇಟೆಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಒಳ್ಳೆಯ ಮನೆತನ, ದೊಡ್ಡ ಬಳಗ. ಗಿರೀಶ ದೋಹಾದಿಂದಲೇ ಎಲ್ಲ ಏರ್ಪಾಡು ಮಾಡಿದ. ಕೇರಿಯವರು ಹಿಂದಿನ ದಿನ ಬಂದು ಚಪ್ಪರ ಹಾಕುವುದು, ರಾತ್ರಿಯೆಲ್ಲ ತರಕಾರಿ ಹೆಚ್ಚುವುದು, ಈ ಗೌಜು ಬೇಡವೆಂದು ಸಿದ್ದಾಪುರದಿಂದ ಶಾಮಿಯಾನ, ಶಿರಸಿಯಿಂದ ಅಡುಗೆಯವರು. ಕೇರಿಯನ್ನು ಕರೆಯುವ ಕೆಲಸವನ್ನೂ ಒಂದು ಶುಕ್ರವಾರ ಮುಗಿಸಿದ. ಇಂಥ ದಿನ ಮದುವೆ, ಮುಹೂರ್ತ ಮಧ್ಯಾಹ್ನ, ಎಲ್ಲರೂ ಬರಬೇಕು, ಮನೆಮನೆಗೆ ಬಂದು ನಿಮ್ಮ ಹೊತ್ತು ಹಾಳುಮಾಡುವುದಿಲ್ಲ, ಇದೇ ಕರೆ ಅಂತ ತಿಳೀರಿ. ಪಟಪಟನೆ ಹೆಬ್ಬೆರಳು ಬಿದ್ದವು. ಹುಚ್ಚಜ್ಜನದು ನಾಲ್ಕು.

ರಜೆ ಸಿಕ್ಕಿ ಅವನು ಊರಿಗೆ ಬಂದು ಮುಟ್ಟಿದ್ದು ಮದುವೆಗೆ ಐದು ದಿನ ಇದೆ ಅನ್ನುವಾಗ. ಬಂದ ದಿನವೇ ಮಂಜಿ ಮಗನೆದುರು ಕುಂಕುಮದ ಬಟ್ಟಲು ಇಟ್ಟಳು. ಗಂಡನಿಲ್ಲದವಳು, ಶುಭಕಾರ್ಯಕ್ಕೆ ಕರೆಯಲು ತಾನು ಹೋಗುವಂತಿಲ್ಲ, ಮನೆಯ ಯಜಮಾನನೆಂದರೆ ಈಗ ಅವನೇ. ಮೊದಲು ಮಾವನ ಮನೆಗೆ ಹೋಗು, ಆಮೇಲೆ ಕೇರಿ ಅಂದಳು. ಆಯಿತು ಅಂದ. ಮರುದಿನ ಮತ್ತೆ ಹೇಳಿದಳು. ಗುಂಪಿನಲ್ಲಿ ಎಲ್ಲರಿಗೂ ಮುಟ್ಟಿದೆಯಲ್ಲ ಅವ್ವ ಅಂದ. ಅವನಿಗೆ ಪುರುಸೊತ್ತಿರಲಿಲ್ಲವೆಂದಲ್ಲ. ಅವನೊಳಗೆ ಒಂದು ಹಠ ಕೂತಿತ್ತು. ವರ್ಷಗಟ್ಟಲೆ ಹೇಳಿದ್ದನ್ನು ತನ್ನ ಮನೆಯ ಮದುವೆಯಲ್ಲೇ ಮಾಡಿ ತೋರಿಸಬೇಕು, ಒಂದು ಮೆಸೇಜಿಗೆ ಊರು ಬರುವುದನ್ನು ಊರೇ ನೋಡಬೇಕು. ಈಗ ಅಕ್ಷತೆ ಹಿಡಿದು ಹೊರಟರೆ ಇಷ್ಟು ದಿನ ಆಡಿದ್ದೆಲ್ಲ ಬಾಯಿಮಾತಾಗುತ್ತದೆ.

ಹಿಂದಿನ ಸಂಜೆ ಅನುಶ್ರೀ ಅರಿಶಿನ ಮೆತ್ತಿದ ಕೈಯಲ್ಲೇ ಅವನ ಹತ್ತಿರ ಬಂದು ಕೇಳಿದಳು.

"ಅಣ್ಣಾ, ಒಂದು ಸುತ್ತು ಹೋಗಿ ಬಾ. ನನ್ನ ಸಲುವಾಗಿ."

ಅವಳಿಗೂ ಒಂದು ಸಣ್ಣ ಭಾಷಣ ಸಿಕ್ಕಿತು. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಈ ಒಂದು ಗಳಿಗೆಯನ್ನು ನೆನೆದರೆ ಗಿರೀಶನಿಗೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಮದುವೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲ ಅಚ್ಚುಕಟ್ಟು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು ಸಾಲಿಗೆ ಸಾಲು. ಹಿತ್ತಲಲ್ಲಿ ಹೋಳಿಗೆ ಬೇಯುವ ವಾಸನೆ. ಕಾಗದ ಮುಟ್ಟಿದ್ದ ದೂರದ ನೆಂಟರು ಬೆರಳೆಣಿಕೆಯಷ್ಟು ಬಂದರು, ಗಿರೀಶನ ಜೊತೆ ಓದಿದ ಶಿರಸಿಯ ನಾಲ್ಕಾರು ಜನ ಬೈಕಿನಲ್ಲಿ ಬಂದರು. ಕೇರಿಯವರು ಬರಲಿಲ್ಲ. ಇಲ್ಲಿಯವರ ಹಣೆಬರಹವೇ ತಡ ಎಂದು ಅವನು ಗೆಳೆಯರಿಗೆ ಹೇಳಿ ನಕ್ಕ. ಗಂಡಿನ ದಿಬ್ಬಣ ಎರಡು ಬಸ್ಸಿನಲ್ಲಿ ಬಂದಿಳಿಯಿತು. ಕಾಲು ತೊಳೆಯಲು ನೀರು ಕೊಡುವವರಿಲ್ಲ, ಹೆಂಗಸರಿಗೆ ಹೂವು ಹಂಚುವವರಿಲ್ಲ. ಮಂಜಿಯ ದೂರದ ನಾದಿನಿಯೊಬ್ಬಳು ಒಬ್ಬಳೇ ಪಾನಕದ ತಟ್ಟೆ ಹಿಡಿದು ಆ ಕಡೆಯಿಂದ ಈ ಕಡೆಗೆ ಓಡುತ್ತಿದ್ದಳು. ದಿಬ್ಬಣದವರು ಒಂದು ಬದಿಯ ಕುರ್ಚಿಗಳನ್ನು ತುಂಬಿ ಕೂತರು. ಇನ್ನೊಂದು ಬದಿ ಬಿಳಿಯ ಬಟ್ಟೆ ಮಾತ್ರ.

ಬೀಗರು ತಿಳಿದವರು. ಏನನ್ನೂ ಎತ್ತಿ ಆಡಲಿಲ್ಲ. ಒಂದಷ್ಟು ಹೊತ್ತು ಕಾದು, ಗಿರೀಶನನ್ನು ಪಕ್ಕಕ್ಕೆ ಕರೆದು, ನಿಮ್ಮ ಕಡೆಯವರೆಲ್ಲ ಬರಲಿ, ಅವಸರವೇನಿಲ್ಲ ಅಂದರು. ಅವರ ಹಿಂದೆ ಕೂತ ಮುದುಕಿಯೊಬ್ಬಳು ಮಾತ್ರ ಕೇಳಿಸುವಂತೆಯೇ ಪಕ್ಕದವಳನ್ನು ಕೇಳಿದಳು, ಈ ಹುಡುಗಿಗೆ ಊರಿಲ್ಲವ ಅಂತ. ಪುರೋಹಿತರು ಹೆಣ್ಣಿನ ಸೋದರಮಾವ ಎಲ್ಲಿ ಅಂದರು. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ತರಬೇಕಾದವನು ಸೋದರಮಾವ. ಅವನಿಲ್ಲದೆ ಮುಂದಿನದು ನಡೆಯುವುದಿಲ್ಲ.

ಗಿರೀಶ ಫೋನು ತೆಗೆದ. ಗುಂಪಿನಲ್ಲಿ ಹೆಬ್ಬೆರಳುಗಳು ಎದ್ದು ನಿಂತೇ ಇದ್ದವು. ಅವುಗಳಲ್ಲಿ ಮಾವನದು ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಮಾವ ಆ ಗುಂಪಿನಲ್ಲೇ ಇಲ್ಲವೆಂಬುದು ಅವನಿಗೆ ಹೊಳೆದದ್ದು ಆಗ. ಒಳಗೆ ಹೋದ. ಅನುಶ್ರೀ ಬಾಸಿಂಗ ಕಟ್ಟಿಕೊಂಡು ಗೋಡೆಯ ಕಡೆ ಮುಖಮಾಡಿ ಕೂತಿದ್ದಳು. ಅಳುತ್ತಿರಲಿಲ್ಲ. ಮಂಜಿ ಬಾಗಿಲ ಮರೆಯಲ್ಲಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಊರು ಬರದೇ ಮದುವೆ ಆದವಳು ಅಂತ ಇವಳಿಗೆ ಸಾಯೂ ತನಕ ಹೇಳ್ತಾರೆ ತಮಾ. ನಿನಗಲ್ಲ, ಇವಳಿಗೆ. ನೀನು ವಿಮಾನ ಹತ್ತಿ ಹೋಗ್ತೆ."

ಅವನು ದೇವರ ಮುಂದಿದ್ದ ಅಕ್ಷತೆಯ ಬಟ್ಟಲು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಮುಂದಿನ ಬಾಗಿಲಿನಿಂದ, ಅಷ್ಟು ಜನರ ಕಣ್ಣೆದುರು ಹೋಗಲು ಕಾಲು ಬರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವುದೂ ಮರೆಯಿತು.

ಮೊದಲು ಸಿಗುವುದು ಹುಚ್ಚಜ್ಜನ ಮನೆ. ಬಾಗಿಲು ಹಾಕಿರಬಹುದು, ಗದ್ದೆಗೆ ಹೋಗಿರಬಹುದು, ಇದ್ದರೆ ನಾಲ್ಕು ಮಾತು ಅಂದಾರು, ಅನ್ನಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡು ಬೇಲಿಯ ಬಿದಿರ ತಟ್ಟಿ ದಾಟಿದ. ಹುಚ್ಚಜ್ಜ ಜಗಲಿಯಲ್ಲೇ ಕೂತಿದ್ದ. ಬಿಳಿ ಅಂಗಿ, ಕುತ್ತಿಗೆಯವರೆಗೂ ಗುಂಡಿ ಹಾಕಿದ್ದು. ಹೆಗಲ ಮೇಲೆ ಮಡಿಕೆ ಬಿಚ್ಚದ ಹೊಸ ಟವೆಲ್. ಪಕ್ಕದಲ್ಲಿ ಸೊಸೆ ಪೆಟ್ಟಿಗೆಯ ಸೀರೆ ಉಟ್ಟು ಹೂ ಮುಡಿದು ನಿಂತಿದ್ದಳು. ಮೊಮ್ಮಕ್ಕಳ ಮುಖಕ್ಕೆ ಪೌಡರು, ತಲೆಗೆ ಎಣ್ಣೆ. ಎಲ್ಲರೂ ಹೊರಟು ನಿಂತವರು, ಆದರೆ ಹೊರಟಿರಲಿಲ್ಲ.

"ಬಂದ್ಯನಾ ತಮಾ?" ಅಂದ ಹುಚ್ಚಜ್ಜ, ಬಯ್ಯುವ ದನಿಯಲ್ಲಲ್ಲ. "ಕೂತ್ಕ. ನೀರು ಕುಡಿ."

ಗಿರೀಶನಿಗೆ ಕೂರಲು ಹೊತ್ತೆಲ್ಲಿದೆ? ಎಲ್ಲರೂ ಅಲ್ಲಿ ಕಾಯುತ್ತಿದ್ದಾರೆ, ಯಾಕೆ ಬರಲಿಲ್ಲ, ಗುಂಪಿನಲ್ಲಿ ಹೇಳಿದ್ದೆನಲ್ಲ ಅಂದುಬಿಟ್ಟ. ಆ ಹೊತ್ತಿನಲ್ಲೂ ಅವನ ಬಾಯಿಗೆ ಬಂದದ್ದು ಅದೇ.

"ಅದು ಕೇಳ್ತು. ನೀನು ಹೇಳೂದೆಲ್ಲಾ ಕೇಳ್ತೇವೆ ನಾವು. ಅದು ಊರಿಗೆ ಹೇಳಿದ್ದು. ನಮ್ಮನೆಗೆ ಯಾವಾಗ ಬರ್ತೆ ಅಂತ ಸೋಮವಾರದಿಂದ ಕಾಯ್ತಾ ಇದ್ವಿ. ಕರೀದೆ ಹೆಂಗೆ ಬರೂದು? ನಿಮ್ಮನೆ ಊಟಕ್ಕೆ ನುಗ್ಗಿದ ಹಂಗೆ ಆಗೂದಿಲ್ವ?"

ಒಳಗಿಂದ ಒಂದು ಮಗು ಹಸಿವೆ ಎಂದು ರಾಗ ತೆಗೆಯಿತು. ಸೊಸೆ ನಾಚಿಕೊಂಡು, ಬೆಳಿಗ್ಗೆ ಒಲೆ ಹಚ್ಚಿರಲಿಲ್ಲ, ಅದಕ್ಕೇ ಅಂದಳು. ಮದುವೆಮನೆಯಲ್ಲಿ ಊಟವಿರುವಾಗ ಕೇರಿಯ ಯಾರೂ ಒಲೆ ಹಚ್ಚುವುದಿಲ್ಲ. ಗಿರೀಶ ತಿರುಗಿ ನೋಡಿದ. ಮನೆಗಳ ಹೆಂಚಿನ ಮೇಲೆ ಎಲ್ಲೂ ಹೊಗೆ ಇರಲಿಲ್ಲ. ಇಷ್ಟು ಹೊತ್ತು ತನ್ನ ಮೇಲೆ ಮುನಿದು ಮನೆಯೊಳಗೆ ಕೂತಿದ್ದಾರೆಂದು ಅವನು ತಿಳಿದಿದ್ದ ಇಡೀ ಕೇರಿ ಉಪವಾಸ ಕೂತು ಅವನ ದಾರಿ ನೋಡುತ್ತಿತ್ತು.

ಮುನಿಸಾದರೆ ಎದುರಿಸಬಹುದು. ಅವನಲ್ಲಿ ಮಾತಿಗೇನು ಬರವಿರಲಿಲ್ಲ. ಇದು ಮುನಿಸಾಗಿರಲಿಲ್ಲ. ಅವನು ಜಗಲಿಯಲ್ಲಿ ಕೂತ, ಬೆಲ್ಲ ತಿಂದ, ನೀರು ಕುಡಿದ, ಹುಚ್ಚಜ್ಜನ ಕೈಗೆ ಅಕ್ಷತೆ ಕೊಟ್ಟು ಮನೆಮಂದಿಯೆಲ್ಲ ಬರಬೇಕು ಅಂದ. ಹುಚ್ಚಜ್ಜ ಆ ಕ್ಷಣಕ್ಕೇ ಎದ್ದು ಮೊಮ್ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಹೊರಟ.

ಮುಂದಿನ ಮನೆ ಬನವಾಸಿ ಸೀಮೆಯಿಂದ ಬಂದು ನೆಲೆಸಿದ ಪಾರ್ವತವ್ವನದು. ಅವಳು ತೂಕಡಿಸುತ್ತಾ ಕೂತವಳು ಅವನನ್ನು ಕಂಡು, "ಬರ್ರಿ ತಮ್ಮಾ, ಇವತ್ತೂ ಬರಲಿಲ್ಲಂದ್ರ ನಾ ಏನು ತಪ್ಪು ಮಾಡೇನಿ ಅಂತ ಕೇಳಾಕ ಬರಬೇಕಂತ ಮಾಡಿದ್ದೆ" ಅಂದಳು. ಅಲ್ಲಿಯೂ ಬೆಲ್ಲ, ಅಲ್ಲಿಯೂ ನೀರು. ಅದರ ಮುಂದಿನ ಮನೆಯಲ್ಲಿ, ಅದರ ಮುಂದಿನದರಲ್ಲಿ, ಎಲ್ಲ ಕಡೆಯೂ ಮಂದಿ ಬಟ್ಟೆ ಉಟ್ಟು ತಯಾರಿದ್ದರು. ಯಾರೂ ಒಂದು ಬಿರುನುಡಿ ಆಡಲಿಲ್ಲ. ಒಬ್ಬಳು ಗರ್ಭಿಣಿ ಗೋಡೆಗೊರಗಿ ಕೂತಿದ್ದಳು, ಅವಳಿಗೆ ಅತ್ತೆ ಅವಲಕ್ಕಿ ತಿನ್ನಿಸುತ್ತಿದ್ದಳು. ಗಿರೀಶ ಅವಳ ಮುಖ ನೋಡದೆ ಅಕ್ಷತೆ ಕೊಟ್ಟ. ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು. ಬರಿಗಾಲಿಗೆ ಕಾದ ನೆಲ ಸುಡುತ್ತಿತ್ತು. ಸುಡಲಿ ಎಂದೇ ಅವನಿಗೆ ಅನ್ನಿಸಿತು. ಅವನ ಹಿಂದೆ ಒಂದೊಂದು ಮನೆಯೂ ಎದ್ದು ಮದುವೆಮನೆಯ ಕಡೆ ನಡೆಯುತ್ತಿತ್ತು.

ಕೊನೆಗೆ ಉಳಿದದ್ದು ಮಾವನ ಮನೆ. ಹಳ್ಳಕ್ಕೆ ಹಾಕಿದ ಮರದ ಸಂಕ ದಾಟಿದರೆ ಆಚೆ ಅದೊಂದೇ ಮನೆ. ಸಂಕದ ಮೇಲೆ ಕಾಲಿಟ್ಟವನು ನಿಂತುಬಿಟ್ಟ. ಇಡೀ ಹೊನ್ನೆಮಕ್ಕಿಯಲ್ಲಿ ಆ ಒಂದು ಮನೆಯ ಹೆಂಚಿನಿಂದ ಮಾತ್ರ ಹೊಗೆ ಏಳುತ್ತಿತ್ತು.

ಕೇರಿಯಪ್ಪ ಹಳೆಯ ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತು ಕತ್ತಿಗೆ ಹಿಡಿ ಹಾಕುತ್ತಿದ್ದ. ಒಳಗೆ ಅವನ ಹೆಂಡತಿ ಸಿದ್ದವ್ವ ಒಲೆಯ ಮುಂದಿದ್ದಳು. ಅವರು ಬಟ್ಟೆ ಬದಲಿಸಿರಲಿಲ್ಲ, ಯಾರನ್ನೂ ಕಾಯುತ್ತಿರಲಿಲ್ಲ. ಗಿರೀಶ ಮಾವನ ಕಾಲು ಹಿಡಿದ. ಕೇರಿಯಪ್ಪ ಕತ್ತಿಯನ್ನು ದೂರ ಸರಿಸಿದ, ಅವನಿಗೆ ತಾಗದಿರಲೆಂದು.

"ಏಳು. ನಮ್ಮನ್ನ ಕರೀತೆ ಅಂತ ನಾವು ಅಂದ್ಕಂಡಿರಲಿಲ್ಲ. ಅನ್ನಕ್ಕೆ ಇಟ್ಟುಬಿಟ್ವಿ."

ಚಪ್ಪಲಿ ಸವೆಸುವ ಮಾತನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ಗಿರೀಶ ಕ್ಷಮೆಯನ್ನಾದರೂ ಕೇಳುತ್ತಿದ್ದ. ಈಗ ಅವನ ಗಂಟಲಿಂದ ಹೊರಟದ್ದು ಬನ್ನಿ ಮಾವ, ಅನು ಕೂತಿದ್ದಾಳೆ, ನೀವು ಬನ್ನಿ ಅನ್ನುವುದು ಮಾತ್ರ. ಕೇರಿಯಪ್ಪ ಒಳಗೆ ಹೋಗಿ ಅಂಗಿ ತೊಟ್ಟು ಬಂದ. ಮಂಡಿ ಹಿಡಿದುಕೊಂಡು ಸಂಕ ದಾಟುವಾಗ ಗಿರೀಶ ಕೈಕೊಟ್ಟ, ಅವನು ಹಿಡಿದುಕೊಂಡ.

ಅಂಗಳದಲ್ಲಿ ಈಗ ಬಿಳಿಯ ಕುರ್ಚಿಗಳು ಕಾಣುತ್ತಿರಲಿಲ್ಲ. ಕೇರಿಯ ಹೆಂಗಸರು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾನಕ ಕೊಡುತ್ತಿದ್ದರು. ಬೀಗರು ಎದ್ದುಬಂದು ಕೇರಿಯಪ್ಪನಿಗೆ ಕೈಮುಗಿದರು. ಏನೂ ಕೇಳಲಿಲ್ಲ, ಆದರೆ ಅವರ ಮುಖದಲ್ಲಿ ಪ್ರಶ್ನೆ ಇತ್ತು, ಅವರ ಹಿಂದಿನ ಇಡೀ ದಿಬ್ಬಣದ ಮುಖದಲ್ಲೂ ಇತ್ತು. ಕೇರಿಯಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ತಪ್ಪು ನಂದು. ಮುದುಕ, ಹೊತ್ತಿನ ಅಂದಾಜು ಆಗಲಿಲ್ಲ. ನಾನು ಹೊರಡದೆ ಕೇರಿಯವ್ರು ಹೊರಡೂ ಹಂಗಿಲ್ಲ, ಪಾಪ ಎಲ್ಲಾ ನನ್ನ ಸಲುವಾಗಿ ಕಾದ್ರು."

"ಹೌದು, ಕೇರಿಯಪ್ಪನ ಕಾದ್ವಿ" ಅಂದ ಹುಚ್ಚಜ್ಜ. ಪಾರ್ವತವ್ವ ತಲೆಯಾಡಿಸಿದಳು. ಇಡೀ ಕೇರಿ ಆ ಸುಳ್ಳನ್ನು ತನ್ನದೆಂದು ಒಪ್ಪಿಕೊಂಡಿತು. ಬೀಗರ ಮುಖ ಅರಳಿತು, ಹಿರಿಯರು ಬಂದಿರಲ್ಲ, ಅಷ್ಟೇ ಸಾಕು ಅಂದರು. ಊರಿಲ್ಲವ ಎಂದು ಕೇಳಿದ್ದ ಮುದುಕಿ ಇಷ್ಟು ದೊಡ್ಡ ಊರನ್ನು ಕಣ್ತುಂಬ ನೋಡುತ್ತಿದ್ದಳು. ಅಲ್ಲ, ತಪ್ಪು ನನ್ನದು ಎನ್ನಲು ಗಿರೀಶ ಬಾಯಿ ತೆರೆದ. ಹನ್ನೊಂದು ವರ್ಷ ಒಂದು ಶುಕ್ರವಾರವೂ ಸುಮ್ಮನಿರದ ಬಾಯಿ. ಅದರಿಂದ ದನಿ ಹೊರಡಲಿಲ್ಲ. ಕೇರಿಯಪ್ಪ ಅನುಶ್ರೀಯ ಕೈ ಹಿಡಿದು ಮಂಟಪಕ್ಕೆ ಕರೆತಂದ. ಅವಳು ದಾರಿಯುದ್ದಕ್ಕೂ ಅಳುತ್ತಾ ನಗುತ್ತಾ ಬಂದಳು. ಹೊತ್ತು ಮೀರುವ ಮೊದಲೇ ಧಾರೆಯಾಯಿತು.

ಊಟಕ್ಕೆ ಎಲೆ ಹಾಕಿದರು. ಅಡುಗೆಯವರನ್ನು ಪಕ್ಕಕ್ಕೆ ಸರಿಸಿ ಕೇರಿಯವರೇ ಬಡಿಸಲು ನಿಂತರು, ಗಿರೀಶನೂ ಪಾಯಸದ ಪಾತ್ರೆ ಹಿಡಿದ. ಬಗ್ಗಿ ಬಡಿಸುವುದು ಅವನಿಗೆ ಅನುಕೂಲವಾಯಿತು, ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಅತ್ತೆಗೆ ತಾನೇ ಬಡಿಸಬೇಕೆಂದು ಹೆಂಗಸರ ಸಾಲನ್ನು ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ಸಿದ್ದವ್ವ ಕಾಣಲಿಲ್ಲ. ಮಾವನ ಎಲೆಯ ಮುಂದೆ ಬಗ್ಗಿ, ಅತ್ತೆ ಎಲ್ಲಿ ಅಂದ.

ಕೇರಿಯಪ್ಪ ಅವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದ. "ನೀನು ನಂಗೆ ಬನ್ನಿ ಅಂದೆ. ಅವಳಿಗೆ ಹೇಳಲಿಲ್ಲ."

ಗಿರೀಶ ಪಾತ್ರೆಯನ್ನು ಯಾರ ಕೈಗೋ ಕೊಟ್ಟು ಓಡಿದ. ಮೂವತ್ತು ಮನೆ ತಿರುಗಿ, ಅಷ್ಟು ಬೆಲ್ಲ ತಿಂದು, ಅಷ್ಟು ನೀರು ಕುಡಿದು ಬುದ್ಧಿ ಬಂತೆಂದುಕೊಂಡವನು ಕೊನೆಯ ಮನೆಯ ಜಗಲಿಯಲ್ಲಿ, ಒಲೆಯ ಮುಂದೆ ಕೂತವಳನ್ನು ಕಣ್ಣಾರೆ ಕಂಡೂ, ತನಗೆ ಬೇಕಾದವನನ್ನು ಮಾತ್ರ ಎಬ್ಬಿಸಿಕೊಂಡು ಬಂದಿದ್ದ. ಹೆತ್ತ ಮಗಳಿಗಿಂತ ಹೆಚ್ಚಾಗಿ ಅನುಶ್ರೀಯ ತಲೆ ಬಾಚಿದವಳು ಅವಳ ಧಾರೆಯನ್ನು ನೋಡಲಿಲ್ಲ. ಅದನ್ನು ಇನ್ನು ಯಾರೂ ತೋರಿಸುವಂತಿಲ್ಲ.

ಸಿದ್ದವ್ವ ಹಿತ್ತಲ ಕಟ್ಟೆಯ ಮೇಲೆ ತಾನುಂಡ ಬಟ್ಟಲು ತೊಳೆದು ಬೋರಲು ಹಾಕುತ್ತಿದ್ದಳು. ಅವನು ಏದುಸಿರು ಬಿಡುತ್ತಾ ನಿಂತು, ಅತ್ತೇ, ಬನ್ನಿ ಅಂದ.

"ನಂದು ಊಟ ಆಯ್ತು ತಮಾ" ಅಂದಳು ಅವಳು. "ಅನು ಹೊರಡೂ ಹೊತ್ತಿಗೆ ಬರ್ತೀನಿ. ಈಗ ನೀನು ಕರೆದ್ಯಲ್ಲ."

ಅವನು ಅಲ್ಲೇ ಕುಸಿದು ಕೂತ. ಅವಳು ಅವನ ಕಾಲು ನೋಡಿದಳು, ಬೊಬ್ಬೆ ಎದ್ದಿದ್ದವು. ಒಂದು ತಂಬಿಗೆ ನೀರು ತಂದು ಪಾದಕ್ಕೆ ಹೊಯ್ದಳು. ಆಮೇಲೆ, ನಿಜವಾಗಿ ತಿಳಿಯುವ ಕುತೂಹಲದಿಂದಲೇ ಕೇಳಿದಳು.

"ಅಲ್ಲಿ ನಿನ್ನನ್ನ ಯಾರಾದ್ರೂ ಮನೆಗೆ ಊಟಕ್ಕೆ ಕರೀತಾರನಾ?"

ಗಿರೀಶ ಯೋಚಿಸಿದ. ಹನ್ನೊಂದು ವರ್ಷದಲ್ಲಿ ಅವನು ಹೋಗದ ಮಾಳಿಗೆಯಿಲ್ಲ. ಪ್ರತಿ ಮಾಳಿಗೆಯಲ್ಲೂ ಸಾಲುಸಾಲು ಬಾಗಿಲು, ಪ್ರತಿ ಬಾಗಿಲಿನ ಹಿಂದೆಯೂ ಸಾರಿನ ವಾಸನೆ, ಮಕ್ಕಳ ಗಲಾಟೆ. ಅವನು ಲಿಫ್ಟಿನ ಬಾಗಿಲು ಸರಿಮಾಡಿ ಕೆಳಗೆ ಇಳಿಯುತ್ತಿದ್ದ. ಹೊಸ್ತಿಲು ದಾಟಿ ಬಾ ಎಂದು ಅವನಿಗೆ ಯಾರೂ ಅಂದದ್ದಿಲ್ಲ. ಅದು ಅಲ್ಲಿಯ ಶಿಸ್ತು ಎಂದು ಅವನು ಒಂದು ಶುಕ್ರವಾರ ಹೊಗಳಿಯೂ ಇದ್ದ.

"ಇಲ್ಲ ಅತ್ತೆ."

"ಒಂದು ಸಲನೂ?"

ಅವನು ತಲೆಯಾಡಿಸಿದ.

"ಹಂಗಾದ್ರೆ ನಿಂಗೆ ಹೆಂಗೆ ಗೊತ್ತಾಗ್ಬೇಕು" ಅಂದಳು ಸಿದ್ದವ್ವ. ಅದು ಕುಹಕವಾಗಿರಲಿಲ್ಲ. ಅವನ ತಪ್ಪಿಗೆ ಅವಳು ಹುಡುಕಿ ಕೊಟ್ಟ ಕಾರಣ ಅದು. ಅದನ್ನು ತಾಳಿಕೊಳ್ಳುವುದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಬೆಳಗಿನಿಂದ ಬೆಲ್ಲ ನೀರು ಬಿಟ್ಟರೆ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲವೆಂದು ಮುಖ ನೋಡಿಯೇ ತಿಳಿಯಿತೇನೋ, ಅವಳು ಒಳಗೆ ಹೋಗಿ ಮಣೆ ಹಾಕಿದಳು. ಮಾವನ ಪಾಲಿನ ಅನ್ನ ಪಾತ್ರೆಯಲ್ಲಿ ಹಾಗೇ ಇತ್ತು. ಬಟ್ಟಲಿಗೆ ಬಡಿಸಿ ಮೇಲೆ ಸಾರು ಹೊಯ್ದು, ಬಾಗಿಲಿಗೆ ಬಂದು ಕರೆದಳು.

"ಬಾ ತಮಾ, ಉಣ್ಣು."

ಹಳ್ಳದ ಆಚೆಯಿಂದ ಮದುವೆಮನೆಯ ವಾಲಗ ಕೇಳುತ್ತಿತ್ತು. ಗಿರೀಶ ಒಳಗೆ ಹೋಗಿ ಮಣೆಯ ಮೇಲೆ ಕೂತ. ತಲೆ ಎತ್ತದೆ, ಅವಳು ಬಡಿಸಿದಷ್ಟನ್ನೂ ಉಂಡ.